ತೋಳ ಇರುವ ಜಾಗ

ಕಛೇರಿ ಆರಕ್ಕೆ. ನಾನು ಮೂರಕ್ಕೇ ಬಂದೆ.
ಇಗರ್ಜಿಯ ಬೀಗದ ಕೈ ಪಾಂಫಿಲೊನ ಸೊಂಟದಲ್ಲಿತ್ತು.
ಒಲೆ ಹಚ್ಚಲು ಹೊರಟಿದ್ದ. ಬೇಡ ಎಂದೆ.
ಒಳಗೆ ಕಾವೇರಿದರೆ
ನಾನು ಹಿಡಿದ ಶ್ರುತಿಯೆಲ್ಲ ನೀರಲ್ಲಿ ಹೋಮ.
ಹಾಗಾದರೆ ಜನ ಕೋಟು ಹಾಕಿಕೊಂಡೇ ಕೂರಬೇಕು, ಅಂದ.
ಕೂರಲಿ. ಆ ಕಾಲದವರು ಹಾಗೇ ಕೂರುತ್ತಿದ್ದರು.

ಭೂಕಂಪ ಬಿಟ್ಟುಹೋದ ಬಿರುಕು
ಗೋಡೆಯಲ್ಲಿ ಮಾಡಿನವರೆಗೂ ಇದೆ.
ಮಯೆಲ್ಲ ಬೆಟ್ಟದ ಗಾಳಿ ಅದರೊಳಗಿಂದ
ಬಾಡಿಗೆ ಕೊಡದ ಬಿಡಾರಿಯ ಹಾಗೆ
ಹೇಳದೆ ಬರುತ್ತದೆ, ಹೇಳದೆ ಹೋಗುತ್ತದೆ.

ಹಾರ್ಪ್ಸಿಕಾರ್ಡಿನ ಮುಚ್ಚಳ ಎತ್ತಿದೆ.
ಒಳಮೈಗೆ ಯಾರೋ ಕೆರೆ ಬರೆದಿದ್ದಾರೆ, ಹಂಸ ಬರೆದಿದ್ದಾರೆ,
ಹಂಸದ ಕುತ್ತಿಗೆ ಒಂದು ಗೇಣು ಜಾಸ್ತಿಯಾಗಿದೆ.
ಒಂದೊಂದು ಮನೆಗೂ ಒಂದೊಂದು ಕಾಗೆಗರಿಯ ಮೊನೆ.
ಮೀಟಿದರೆ ಮೀಟಿತು, ಅಲ್ಲಿಗೆ ಮುಗಿಯಿತು;
ಪಿಯಾನೋದ ಹಾಗೆ ಒತ್ತಿ ಹಿಡಿದು
ಬೇಡಿಕೊಳ್ಳುವ ಹಾಗಿಲ್ಲ.

ರೇಡಿಯೋದವರು ಹಾಡುವುದಕ್ಕಿಂತ
ಅರ್ಧ ಸ್ವರ ಕೆಳಗೆ ಇಡುತ್ತೇನೆ.
ಆ ಕಾಲದವರ ಕಿವಿ ಕೆಳಗಿತ್ತೇ, ಕೇಳಿದ.
ಗೊತ್ತಿಲ್ಲಪ್ಪ. ಊರಿಗೊಂದು ಶ್ರುತಿ ಇತ್ತಂತೆ,
ಸಂತೆಗೊಂದು ಸೇರು ಇದ್ದ ಹಾಗೆ.

ಷಡ್ಜಕ್ಕೆ ಗಾಂಧಾರವನ್ನು ಕೂಡಿಸುತ್ತ ಹೋದೆ,
ನಡುಕ ನಿಂತು, ಎರಡು ದನಿ ಒಂದೇ ನೀರಾಗುವವರೆಗೆ.
ಹೀಗೆ ಎಲ್ಲರಿಗೂ ಒಳ್ಳೆಯವಳಾಗುತ್ತ ಹೋದರೆ
ಲೆಕ್ಕ ಕೊನೆಗೆ ಎಲ್ಲೋ ಒಂದು ಕಡೆ ಉಳಿಯುತ್ತದೆ,
ಎರಡು ಮನೆಗಳ ನಡುವೆ, ಬಾಯ್ದೆರೆದು, ಊಳಿಡುತ್ತ.
ನಮ್ಮ ಕಸುಬಿನವರು ಅದಕ್ಕೆ ತೋಳ ಅನ್ನುತ್ತಾರೆ.

ಪಾಂಫಿಲೊ ಪೊರಕೆ ಕೆಳಗಿಟ್ಟ.
ಮೂವತ್ತು ಚಳಿಗಾಲ ಕುರಿಗಳ ಹಿಂದೆ
ಪುಲ್ಯದ ಬಯಲಿಗೆ ನಡೆದವನು.
ಎಲ್ಲಿ, ತೋರಿಸು.
ಒತ್ತಿ ತೋರಿಸಿದೆ. ಅವನ ಭುಜ ಜುಮ್ಮೆಂದಿತು.
ಕೊಂದು ಹಾಕಬಾರದೇ?
ಆಗುವುದಿಲ್ಲ. ಅಟ್ಟಬಹುದು ಅಷ್ಟೆ,
ಇವತ್ತಿನ ಹಾಡು ಯಾವುದೂ ಕಾಲಿಡದ ಮೂಲೆಗೆ.
ನಮ್ಮಲ್ಲೂ ಅಷ್ಟೇ ಮಾಡುತ್ತಿದ್ದದ್ದು, ಅಂದ.

ಆರಕ್ಕೆ ನಲವತ್ತು ಜನ,
ಅದರಲ್ಲಿ ಹತ್ತು ಮಂದಿ ಬಸ್ಸು ತಪ್ಪಿಸಿಕೊಂಡವರು.
ಬಾಸೆಲಿನಿಂದ ಮೂವರು ಬಂದಿದ್ದರು. ಆನೆಲೋರೆ ಎಂಬ ಹುಡುಗಿ
ಗ್ಯಾಂಬಾ ವಾದ್ಯವನ್ನು ಮಂಡಿಗಳ ನಡುವೆ ಇರುಕಿಕೊಂಡಳು,
ಓಡಿಹೋಗುವ ಕರುವನ್ನು ಹಿಡಿದ ಹಾಗೆ.
ಮೂರನೆಯ ಕುಣಿತದಲ್ಲಿ, ನಿಧಾನವಾದದ್ದರಲ್ಲಿ,
ಮೇಲಿನ ತಂತಿ ಪಟ್ಟೆಂದಿತು.
ಯಾರೋ ನಕ್ಕರು. ಮುದುಕಿಯೊಬ್ಬಳು ಶಿಲುಬೆ ಬರೆದುಕೊಂಡಳು.
ಹುಡುಗಿ ಹೊಸ ತಂತಿಯ ಸುರುಳಿ ಬಿಚ್ಚುತ್ತ
ತನ್ನ ಹರಕು ಇಟಾಲಿಯನ್ನಿನಲ್ಲಿ, ಮನ್ನಿಸಿ, ಇದು ಕರುಳು,
ಕುರಿಯ ಕರುಳು, ಅಂದಳು.

ಗೊತ್ತು.
ಕೊನೆಯ ಬೆಂಚಿನಲ್ಲಿ ಪಾಂಫಿಲೊ ಎದ್ದು ನಿಂತಿದ್ದ.
ಈ ಕೆಳಗಿನ ಹೊಳೆಯಲ್ಲೇ ತೊಳೆಯುತ್ತಿದ್ದೆವು, ಅಜ್ಜ ಮತ್ತು ನಾನು.
ನನಗೆ ಎಂಟು ವರ್ಷ. ಹಿಮ ಕರಗಿದ ನೀರು.
ಬೆರಳು ಮರಗಟ್ಟಿದರೆ ಒಳ್ಳೆಯದು ಅನ್ನುತ್ತಿದ್ದ ಅಜ್ಜ,
ವಾಸನೆ ಹತ್ತುವುದಿಲ್ಲ ಅಂತ.
ಹತ್ತುತ್ತಿತ್ತು.
ಒಂದು ತಂತಿಗೆ ಎಷ್ಟು ಕುರಿ, ಗೊತ್ತೇನಮ್ಮ?
ಅವಳಿಗೆ ಗೊತ್ತಿರಲಿಲ್ಲ. ನನಗೂ.
ಹೇಳುತ್ತಾನೆಂದು ಎಲ್ಲರೂ ಕಾದರು.
ಅವನು ಕೂತುಬಿಟ್ಟ.

ಹೊಸ ತಂತಿ ಹೇಳಿದ ಕಡೆ ನಿಲ್ಲುವುದಿಲ್ಲ.
ಬಿಗಿದಷ್ಟೂ ಇಳಿಯುತ್ತದೆ, ನಲವತ್ತು ಜನರ
ಉಸಿರಿನ ತೇವಕ್ಕೆ ಮಿಡುಕುತ್ತದೆ. ಕರುಳಲ್ಲವೇ.
ಸಾಲಿಗೊಮ್ಮೆ ನಿಲ್ಲಿಸಿ, ಬಿರಡೆ ತಿರುವಿ, ಮತ್ತೆ ಹಿಡಿದಳು;
ಹಾಡಿಗಿಂತ ತಿರುವಿದ್ದೇ ಹೆಚ್ಚು.
ಪಾಂಫಿಲೊ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು
ನೆಲ ನೋಡುತ್ತ ಕೇಳಿದ.

ಎಲ್ಲರೂ ಹೋದ ಮೇಲೆ, ನಾನು ಚೀಲ ಕಟ್ಟುವಾಗ,
ಹಾರ್ಪ್ಸಿಕಾರ್ಡಿನ ಹತ್ತಿರ ಹೋದ. ನಾನು ತೋರಿಸಿದ್ದ
ಆ ಎರಡು ಮನೆಗಳನ್ನು ಹುಡುಕಿ, ತಪ್ಪಿ, ಮತ್ತೆ ಹುಡುಕಿ,
ಮೆಲ್ಲಗೆ ಒತ್ತಿದ.
ಇದೆ, ಅಂದ.
ಈಗಲಾದರೂ ಒಲೆ ಹಚ್ಚಲೇ?