ಕಡ್ಡಿ

ಹೆಬ್ಬೆರಳಷ್ಟು ಅದ ನೋಡ್ರಿ, ಸುಗಲಾಬಾಯಿ,
ಟಿವಿ ಬೆನ್ನಿಗೆ ಚುಚ್ಚಿದರ ಮುಗೀತು.
ಎರಡು ಸಾವಿರದ ಮುನ್ನೂರು. ಪಾವತಿ ಡಬ್ಬಿಯೊಳಗೇ ಅದ.
ನನ್ನ ಲಾಭ ಒಂದು ಕಪ್ ಚಾ.

ದುಧನಿ ಅಡತ್ ಬಜಾರದ ಹಿಂದ
ಕಡಕ್ ರೊಟ್ಟಿ ಬಡಿಯೋ ಈ ಖೋಲಿಯೊಳಗ
ನಾಕು ಒಲಿ, ಐದು ಹೆಣ್ಮಕ್ಕಳು,
ಗ್ವಾಡಿ ಮ್ಯಾಲ ಹನ್ನೆರಡು ವರ್ಷದ ಟಿವಿ.
ಅದರ ಗಾಜಿಗೂ ಜ್ವಾಳದ ಹಿಟ್ಟು.

ಮೊದಲ ಇದರ ಗುಣ ಹೇಳ್ತೀನಿ.
ಚಿತ್ರ ತೊಳೆದಿಟ್ಟಂಗ.
ಹೊರಗ ಮಳಿ ಬಂದರ ಪರದೆಯೊಳಗ ಮಳಿ ಬರೂದಿಲ್ಲ,
ಮಂಗ್ಯಾ ವೈರ್ ಜಗ್ಗೂದಿಲ್ಲ.
ನಿನ್ನೆ ತಪ್ಪಿದ ಧಾರಾವಾಹಿ
ಇವತ್ತೂ ಕಾಯ್ಕೋತ ಕುಂತಿರ್ತದ.
ಸೊಸಿ ಅಳೂದನ್ನ ಅಲ್ಲೇ ನಿಲ್ಲಿಸಿ
ರೊಟ್ಟಿ ಮಗಚಿ ಹಾಕಿ ಬಂದು
ಮತ್ತ ಅಳಸಬೌದು.

ಈಗ ಅವಗುಣ. ನಾ ಮುಚ್ಚಿಡೂ ಮನಶಾ ಅಲ್ಲ.
ಎದ್ದು ಕೂಡ್ಲಿಕ್ಕೆ ಮೂರು ರೊಟ್ಟಿ ಬಡಿಯೋವಷ್ಟು ಹೊತ್ತು ಬೇಕು.
ಸಿಟ್ಟಿಗೆದ್ದು ಗುಂಡಿ ಎರಡನೇ ಸಲ ಒತ್ತಿದಿರೋ,
ಎರಡೂ ಮಾತು ಒಮ್ಮೆಲೆ ಕೇಳಿ ಎಲ್ಲೋ ಹೋಗಿ ಬೀಳ್ತದ.
ಒಲಿ ಸನೇಕ ಬ್ಯಾಡ, ಮೊದಲೇ ಮೈ ಕಾವು ಜಾಸ್ತಿ.
ಟಿವಿ ಹಿಂದಿನ ತೂತಿನ ಕರೆಂಟು ಇದಕ್ಕ ಸಾಲೂದಿಲ್ಲ,
ಬ್ಯಾರೆ ಚಾರ್ಜರ್ ಹಚ್ಚೀನಿ,
ಅದನ್ನ ಕಿತ್ತು ಮೊಬೈಲಿಗೆ ಒಯ್ಯಬ್ಯಾಡ್ರಿ.
ಚಾಂದಬೀ, ನಿಮಗೇ ಹೇಳಿದ್ದು.
ನೆಟ್ಟು ರತ್ನವ್ವನ ಮಗಳ ಫೋನಿಂದು,
ಅಕಿ ಕಾಲೇಜಿಗೆ ಹೋದರ
ಟಿವಿಯೂ ಅಕಿ ಬೆನ್ನ ಹತ್ತಿ ಹೋತು ಅಂತ ತಿಳೀರಿ.
ಹೊಟ್ಟಿ ಎಂಟು ಜಿಬಿ ಅಂತ ಡಬ್ಬಿ ಮ್ಯಾಲ ಬರದದ,
ಹುಟ್ಟುತಲೇ ಅರ್ಧ ತಾನೇ ತಿಂದಿರ್ತದ.
ಹೊಸಾದೊಂದು ಬೇಕಂದರ ಹಳೇದೊಂದು ಒರಸ್ರಿ ಅಂತದ.
ಯಾವುದು ಅಂತ ಮಾತ್ರ ಹೇಳೂದಿಲ್ಲ.

ಇನ್ನೊಂದು ಅದ, ಗುಣವೋ ಅವಗುಣವೋ ನನಗ ಗೊತ್ತಿಲ್ಲ:
ಇದನ್ನ ಬೈಲಿಕ್ಕೆ ಬರೂದಿಲ್ಲ.
ಇಪ್ಪತ್ತೊಂದು ವರ್ಷ ಈ ಊರಾಗ ಕೇಬಲ್ ಎಳದೀನಿ,
ಬೇವಿನ ಗಿಡದಿಂದ ಕಂಬಕ್ಕ, ಕಂಬದಿಂದ ನಿಮ್ಮ ಕಿಟಕಿಗೆ.
ಮ್ಯಾಚಿನ ಕಡೀ ಓವರಿಗೆ ಪರದೆ ಕರ್ರಗಾದರ
ಮುನ್ನೂರು ಮಾಳಗಿ ಮ್ಯಾಲ ನನ್ನ ಹೆಸರು,
'ಮಲಕಣ್ಣಾ, ಎಲ್ಲಿ ಸತ್ತೀಯೋ!'
ಆ ಬೈಗಳದಾಗ ತಿಂಗಳಿಗೆ ನೂರೈವತ್ತು ಇತ್ತು,
ಮತ್ತೂ ಏನೋ ಇತ್ತು.
ಆ ವೈರ್ ಎಲ್ಲಾ ಗುಜರಿಗೆ ತೂಗಿ ಕೊಟ್ಟು
ಈಗ ಕಡ್ಡಿ ಮಾರ್ತೀನಿ.

ಮೈಕಿನ ಗುಂಡಿ ಒತ್ತಿ ಮಾತಾಡ್ರಿ ಅಂದೆ.
ಕೈಯಾಗಿನ ಹಿಟ್ಟು ಝಾಡಿಸಿ
ಸುಗಲಾಬಾಯಿ ರಿಮೋಟಿಗೆ ಬಾಯಿ ಹಚ್ಚಿ
ಹೊಳಿ ಆಚಿ ದಂಡಿಗೆ ಕೂಗಿದಂಗ
'ಹಾಡ ಹಚ್ಚು' ಅಂದ್ರು.

ಕಡ್ಡಿ ಮರಾಠಿ ಸಾಲಿ ಕಲತದ್ದು.
ಹಾಡ ಅಂದರ ಅದಕ್ಕ ಎಲುಬು.
ಪರದೆ ತುಂಬ ಎಲುಬಿನ ಡಾಕ್ಟರು,
ಬಿಳೀ ಗೊಂಬಿ ಹಿಡಕೊಂಡು
ಮಣಕಾಲು ಹೆಂಗ ಸವೀತದ ಅಂತ ಹೇಳ್ಲಿಕತ್ತಾರ.
ನಾಚಿಕಿ ಬಂತು. ಭಾಷಾ ಬದಲಸಲಿಕ್ಕೆ ಹೋದೆ.
'ಇರ್ಲಿ ಬಿಡು.'
ನಸುಕಿನ ನಾಕಕ್ಕೇ ಒಲಿ ಮುಂದ ಕುಂತ ಐದೂ ಮಂದಿ
ಬಡಿಯೂದು ನಿಲ್ಲಿಸಿ
ತಮ್ಮ ತಮ್ಮ ಮಣಕಾಲು ಮುಟ್ಟಿ ನೋಡಿಕೊಂಡರು.
'ನಾ ಯಾರಿಗೂ ಹೇಳಿದ್ದಿಲ್ಲಲ್ಲೋ,
ಇದಕ್ಕ ಹೆಂಗ ತಿಳೀತು?'

ಹೊಂಡೂವಾಗ ಹಿಟ್ಟಿನ ಡಬ್ಬಿ ಹಿಂದಿಂದ
ಮತ್ತ ನೂರೈವತ್ತು ತಗದು ಹಿಡಿದರು.
ತಿಂಗಳದ್ದು ಅಂತ ಇಲ್ಲರಿ ಈಗ, ಒಮ್ಮೆ ಕೊಟ್ಟರ ಮುಗೀತು.
'ಅಂದ್ರ, ಇನ್ನ ನೀ ಬರೂದಿಲ್ಲ?'

ಬರ್ತೀನಿ.
ಎಂಟೇ ಜಿಬಿ ಅದರಿ ಇದು, ತುಂಬತದ.
ತುಂಬಿತು ಅಂದರ
ಮಾಳಗಿ ಹತ್ತಿ ಒಂದ್ಸಲ ಬೈರಿ.