ಬೋಳು ಗೋಡೆ

ಮೆಲ್‌ಬಾರ್ಡಿಸ್ ಎಂದರೆ ನಮ್ಮ ಮಾತಿನಲ್ಲಿ ಕಪ್ಪುಗಡ್ಡ.
ಅವರಿಗೆ ಗಡ್ಡವೇ ಇರಲಿಲ್ಲ.
ರೀಗಾ ಪಟ್ಟಣದ ಎಷ್ಟೋ ಬಾಗಿಲುಗಳ ಮೇಲೆ ಮಾತ್ರ
ಅವರು ಬರೆದು ನಾನು ಅಚ್ಚು ಹೊಯ್ದ
ಗಡ್ಡದ ಗಂಡಸರು ಇನ್ನೂ ಬಾಯಿ ತೆರೆದುಕೊಂಡಿದ್ದಾರೆ,
ಮಳೆ ಬಂದರೆ ಮೂಗಿನಿಂದ ತೊಟ್ಟಿಕ್ಕುತ್ತದೆ.

ನಾನು ಗಾರೆಯವನು. ಆಗೆಲ್ಲ ಕೂಲಿ ಹೂವಿಗಿಷ್ಟು:
ನೈದಿಲೆಗೆ ಹದಿನೈದು ಕೊಪೆಕ್, ನವಿಲಿಗೆ ಒಂದು ರೂಬಲ್,
ಹೆಣ್ಣಿನ ಮುಖಕ್ಕೆ ಎರಡು,
ಕೂದಲು ಬಿಚ್ಚಿದ್ದರೆ ಎರಡೂವರೆ.
ಉಳಿತಾಯ ಸಂಘದ ಬಾಗಿಲ ಮೇಲಿನ ಮುಖ ನನ್ನ ಲವೀಜೆಯದು,
ಮದುವೆಗೆ ಮುಂಚೆ ಅವಳನ್ನು ಕೇಳದೆ ಕದ್ದದ್ದು.
"ನನ್ನ ಹಲ್ಲು ಅಷ್ಟು ದೊಡ್ಡದೇ?" ಎಂದವಳು
ಆರು ತಿಂಗಳು ಆ ಬೀದಿಯನ್ನೇ ಬಳಸಿ ನಡೆದಳು.

ಒಳಗೆ ಹಿತ್ತಾಳೆಯ ಕಟಕಟೆ, ಪಾಚಿಬಣ್ಣದ ಬಿಲ್ಲೆಗಳು,
ಬಣ್ಣದ ಗಾಜಿನ ದೆಸೆಯಿಂದ
ಹತ್ತು ಗಂಟೆಗೆ ನೀಲಿಯಾಗುವ ಗುಮಾಸ್ತ
ಮಧ್ಯಾಹ್ನಕ್ಕೆ ಕಾಮಾಲೆ ಹಿಡಿದವನಂತೆ.
ಚಾವಣಿಯಿಂದ ಗೋಡೆಗೆ ಬಾಗಿದ ರೈ ತೆನೆಗಳು, ಕಾಳು ಕಾಳು ಬಿಡಿಬಿಡಿ.
ಬೆಣ್ಣೆ ಮಾರಿದ ದುಡ್ಡನ್ನು ವಸ್ತ್ರದಲ್ಲಿ ಗಂಟುಕಟ್ಟಿ ತಂದ
ಲಾತ್ಗಾಲೆ ಕಡೆಯ ಹೆಂಗಸರು ಇದೇ ಗುಡಿಯೆಂದು ಬಗೆದು
ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು.

ಮದುವೆಯಾದ ಮೇಲೆ ಲವೀಜೆಗೆ ಅಲ್ಲಿಯೇ ಕಸಬರಿಗೆಯ ಕೆಲಸ.
ಶನಿವಾರ ಶನಿವಾರ ಏಣಿ ಹತ್ತಿ
ಹೆಬ್ಬಾತಿನ ಗರಿಯಿಂದ ಒಂದೊಂದೇ ತೆನೆಯ ಧೂಳು ತೆಗೆಯಬೇಕು.
ನನ್ನ ಲೆಕ್ಕದಲ್ಲಿ ಮುನ್ನೂರ ಹನ್ನೆರಡು ತೆನೆ.
ಅವಳ ಲೆಕ್ಕದಲ್ಲಿ ಮುನ್ನೂರ ಹದಿನಾಲ್ಕು.
ಆ ಎರಡರ ಕೂಲಿ ನನಗೆ ಬರಲೇ ಇಲ್ಲ.

ಒಮ್ಮೆ ಟೊಪ್ಪಿ ಕೈಯಲ್ಲಿ ಹಿಡಿದು, ತಮ್ಮ ಕಟ್ಟಡ ತಾವೇ ನೋಡಲು ಬಂದರು.
ಇವಳು ಏಣಿಯ ಮೇಲಿಂದ, ತಿರುಗದೆಯೇ:
"ಯಜಮಾನರೇ, ನಿಮ್ಮ ಹೊಲದಲ್ಲಿ ಈ ಸಲ
ಧೂಳಿನ ಬೆಳೆ ಚೆನ್ನಾಗಿ ಬಂದಿದೆ."
ಅವರು ನಕ್ಕರು. ನಗು ಮುಗಿದ ಮೇಲೂ ಬಹಳ ಹೊತ್ತು ನಿಂತಿದ್ದರು.

ಆಮೇಲೆ ಯುದ್ಧ. ಕಾರ್ಖಾನೆಗಳನ್ನು ಮೊಳೆ ಸಹಿತ ಬಿಚ್ಚಿ
ರೈಲಿಗೆ ತುಂಬಿ ಪೂರ್ವಕ್ಕೆ ಒಯ್ದರು.
ಬಾವುಟ ಬದಲಾಯಿತು, ನಾಣ್ಯ ಬದಲಾಯಿತು,
ಹೂವಿನ ದರ ಕೇಳುವವರೇ ಇಲ್ಲ, ಕೂಲಿ ಚದರ ಮೀಟರಿಗೆ.
ಪೈನ್ ಕಾಡಿನಲ್ಲಿ ಎದೆರೋಗದವರಿಗೊಂದು ಆಸ್ಪತ್ರೆ ಎಂದು
ಮೆಲ್‌ಬಾರ್ಡಿಸ್ ನಕ್ಷೆ ಹರಡಿದರು.
ನಾನು ಹಾಳೆ ಮಗುಚಿ ಹಿಂಬದಿ ನೋಡಿದೆ. "ಉಳಿದದ್ದೆಲ್ಲಿ?"
"ಇಷ್ಟೇ."

ಉದ್ದುದ್ದ ಕಿಟಕಿ, ಬಿಳಿ, ಮತ್ತೆ ಬಿಳಿ.
ಕೋಣೆಗೆ ಮೂಲೆಯೇ ಇಲ್ಲ!
ಗೋಡೆ ನೆಲ ಸೇರುವಲ್ಲಿ ಬಿಯರ್ ಬಾಟಲಿಯ ಬೆನ್ನಿನಿಂದ
ಹಸಿಗಾರೆ ಉಜ್ಜಿ ದುಂಡಗೆ ಮಾಡಬೇಕು, ಧೂಳು ಕೂರಬಾರದು.
ನವಿಲಿನ ಕೊರಳು ತಿದ್ದಿದ ಕೈ ಇದು. ಬೈದುಕೊಂಡೇ ಉಜ್ಜಿದೆ.

ಆದರೆ ಕೇಳಿ, ಹೂವಿನ ಹಿಂದೆ ಎಂಥ ಕಳ್ಳಗಾರೆಯೂ ಅಡಗುತ್ತದೆ.
ಬೋಳು ಗೋಡೆಗೆ ಉಟ್ಟುಕೊಳ್ಳಲು ಬಟ್ಟೆಯಿಲ್ಲ.
ಚಳಿಗಾಲದ ಮೂರು ಗಂಟೆಗೆ ಬೆಳಕು ಅಡ್ಡ ಮಲಗಿ ಬಂದು
ಕರಣೆ ತಡವರಿಸಿದ ಜಾಗವನ್ನೆಲ್ಲ ಓದಿ ಹೇಳುತ್ತದೆ.
ಮೂರು ಸಲ ಕೆರೆದು ತೆಗೆದೆ. ನಾಲ್ಕನೆಯ ಸಲ
ಗೋಡೆ ಸುಮ್ಮನಾಯಿತು.

ಜರ್ಮನಿಯ ಗಾಳಿ ಬಡಿದಿದೆ ಎಂದವು ಪತ್ರಿಕೆಗಳು.
ಮುದುಕನಿಗೆ ಕೈ ನಡುಕ, ನೆಟ್ಟನೆ ಗೆರೆಗೆ ಸ್ಕೇಲು ಸಾಕು
ಎಂದರು ಕಿರಿಯರು.
ನನಗೆ ಹೆಬ್ಬಾತಿನ ಗರಿಯೊಂದೇ ನೆನಪಾಗುತ್ತಿತ್ತು,
ಹೇಳಿದರೆ ಯಾರು ನಂಬಬೇಕು?

ಏಳನೆಯ ಕೋಣೆಯಲ್ಲಿ, ಬಿಸಿನೀರ ಕೊಳವೆಯ ಹಿಂದೆ
ಹೆಬ್ಬೆಟ್ಟು ಒತ್ತಿದ್ದೆ. ಅಂಗೈಯಿಂದ ಗೋಡೆ ತಡವುತ್ತ ಬಂದವರು
ಅಲ್ಲಿಗೆ ನಿಂತರು.
"ಇದಕ್ಕೆಷ್ಟು?"
"ಪುಕ್ಕಟೆ," ಎಂದೆ.

ಉಳಿತಾಯ ಸಂಘದ ಬಾಗಿಲ ಮೇಲೆ ಹೋದ ಚಳಿಗಾಲ
ಮುಂದಿನದೊಂದು ಹಲ್ಲು ಉದುರಿತು.
ಜಿಪ್ಸಮ್ ಕಲಸಿ, ಏಣಿ ಹೊತ್ತು ಹೊರಟವನನ್ನು
ಲವೀಜೆಯೇ ತಡೆದಳು, ಬೊಚ್ಚುಬಾಯಿ ಮುಚ್ಚಿಕೊಂಡು:
"ಬಿಡು. ಈಗ ಹೋಲುತ್ತದೆ."