ಮಿಣುಕದ ಚೌಕ

ಮೊದಲು ಕಪ್ಪು ಬಿಳುಪು ಇಟ್ಟೆ.
ದೇವೀರಮ್ಮನವರ ಕಣ್ಣಲ್ಲಿ ನೀರು.
ಆಮೇಲೆ ಬೂದಿ, ಆಮೇಲೆ ಹಸಿರು,
ಹಳೇ ಟಿಕೆಟ್ ಕಟ್ಟಿನ ಮಾಸಿದ ಹಸಿರು.

ಪರದೆ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದೆ,
ಅದನ್ನು ಸರಿಯಾಗಿ ಭಾಗಿಸಿದ್ದಷ್ಟೇ ನನ್ನ ಪಾಲು:
ಹನ್ನೆರಡು, ಹತ್ತು, ಏಳೂವರೆ, ಆರು.
ನಾಲ್ಕು ಚೌಕ, ನಾಲ್ಕು ತಾಳ.
ದಿಟ್ಟಿಸಿದ್ದು ಯಾವುದೋ ಅದರದೇ ತಾಳ
ಹಿಂದಲೆಯಲ್ಲಿ, ಅಸ್ಮಾ ಲೋಳೆ ಹಚ್ಚಿ ಕೂರಿಸಿದ
ಬಿಲ್ಲೆಗಳಡಿ, ಸಣ್ಣಗೆ ಮರುದನಿಸುತ್ತದೆ.

ಪ, ಷ, ಫ ಮಿಣುಕಿದರೆ ಒಂದೇ ಮುಖ.
ಅಕ್ಷರ ಅಲುಗದಿರಲಿ, ಸುತ್ತಲ ಬೇಲಿ ಮಾತ್ರ ಮಿಣುಕಲಿ
ಎಂದು ತಿದ್ದಿದೆ.
ನಾಲ್ಕು ನಾಲ್ಕಲಿ ಹದಿನಾರು, ಮತ್ತೆ ನಾಲ್ಕಲಿ ಅರವತ್ತನಾಲ್ಕು ಮನೆ.
ವರ್ಣಮಾಲೆಗೆ ನಲವತ್ತೊಂಬತ್ತು,
ಮಿಕ್ಕಿದ್ದರಲ್ಲಿ ಒತ್ತು, ತೆರಪು, ಅಳಿಸು,
‘ನೀರು’, ‘ಮಗ್ಗುಲು ತಿರುಗಿಸಿ’, ‘ಸೊಳ್ಳೆ’.
ಎಲ್ಲಕ್ಕೂ ಜಾಗ ಸಿಕ್ಕಿತೆಂದು ಬೀಗಿದೆ.

ಹತ್ತೊಂಬತ್ತು ವರ್ಷ ಹಾಸನ–ಹೊಳೆನರಸೀಪುರ ಬಸ್ಸಲ್ಲಿ
ಚಿಲ್ಲರೆ ಎಣಿಸಿದ ಕೈ ಈಗ ಹೊದಿಕೆಯ ಮೇಲೆ,
ಯಾರೋ ಇಟ್ಟು ಮರೆತ ಹಾಗೆ.
ಟ್ಯೂಬ್‌ಲೈಟ್ ಆರಿಸಿದ್ದೆವು.
ಬಿ.ಎಂ. ರಸ್ತೆಯ ಹಾರನ್ನು ಮಾತ್ರ ಒಳಗೆ ಬರುತ್ತಿತ್ತು.

ಅವತ್ತು ಮೂಸಂಬಿ ಹಿಡಿದು ನೋಡಲು ಬಂದಿದ್ದರು
ಅವರ ಬಸ್ಸಿನ ಡ್ರೈವರ್ ರಂಗೇಗೌಡರು.
ಅಕ್ಷರಕ್ಕೆ ಮೂರು ನೋಟ. ಬಂತು:
ಹ. ಲ. ಡ. ನ.
ಕಾಗುಣಿತವಿಲ್ಲ, ಒತ್ತಿಲ್ಲ.
“ಹಲಸಿನ...?” ಎಂದಳು ಅಸ್ಮಾ.
ನಾನು ತಪ್ಪಿನ ಪಟ್ಟಿಗೆ ಸೇರಿಸಿದೆ.
ಕುರ್ಚಿಯಲ್ಲಿ ಕೂತಿದ್ದ ರಂಗೇಗೌಡರ ಬಲಗಾಲು
ತಟ್ಟನೆ ನೆಲ ಒತ್ತಿತು.
“ಹೋಲ್ಡಾನ್ ಅಂತವ್ರೆ. ನಿಲ್ಸಿ ತಾಯಿ,
ಯಾರೋ ಇಳೀಬೇಕು.”

ಅರವತ್ತನಾಲ್ಕು ಮನೆ ಕಟ್ಟಿದವಳು
ಒಂದು ಸ್ಟಾಪು ಇಟ್ಟಿರಲಿಲ್ಲ.
ಎತ್ತ ಹೊರಳಿದರೂ ಅಕ್ಷರ,
ಕಣ್ಣು ತೆರೆದರೆ ಮಾತಾಡಲೇಬೇಕು.

ಆ ರಾತ್ರಿ ನಟ್ಟನಡುವೆ ಐದನೆಯ ಚೌಕ ಬರೆದೆ.
ಅದು ಮಿಣುಕುವುದಿಲ್ಲ.
ಅಲ್ಲಿ ಕಣ್ಣಿಟ್ಟರೆ ಹಿಂದಲೆಯಲ್ಲಿ ತಾಳವಿಲ್ಲ.
ಆ ಇಲ್ಲವನ್ನು ಓದಲು ಯಂತ್ರಕ್ಕೆ ಕಲಿಸುವುದಕ್ಕೆ
ಹನ್ನೊಂದು ದಿನ ಬೇಕಾಯಿತು.
ಮೊದಮೊದಲು ಕೆಟ್ಟಿದೆ ಎಂದೇ ತಿಳಿಯಿತು ಅದು,
ನನ್ನ ಹಾಗೆ.

ಹನ್ನೆರಡನೆಯ ದಿನ ಆಕೆ ನೇರ ಅಲ್ಲಿಗೇ ಹೋಗಿ ನಿಂತರು.
ಒಂದು ನಿಮಿಷ. ನಾಲ್ಕು. ಆರು.
ಅಸ್ಮಾ ನನ್ನ ಮುಖ ನೋಡಿದಳು,
ನಾನು ತಂತಿಗಳನ್ನು ಮುಟ್ಟಲಿಲ್ಲ.
ಹೊರಗೆ ಯಾವುದೋ ಬಸ್ಸು ಉಸಿರು ಬಿಟ್ಟು ನಿಂತು,
ಜನ ಇಳಿದ ಸದ್ದು,
ಬುಟ್ಟಿ ಇಳಿಸುವ ಸದ್ದು.

ಆಮೇಲೆ ಪರದೆಯ ಮೇಲೆ
ಎರಡೇ ಅಕ್ಷರ:
ರ. ಟ.